ಮಾಪಿನ ಕೆಳಗಿನ ಮರಿಗಳು

ದಾನಪ್ಪ ಬ್ಯಾಡಗಿ ಕಡೆಯವನು. ಮಾತು ಕಡಿಮೆ. ಶಿಕಾಗೊದ ಡೆವನ್ ಅವೆನ್ಯೂವಿನ ಒಂದು ಹೋಟೆಲಿಗೆ ಅಡುಗೆಯವನಾಗಿ ಅಮೆರಿಕಕ್ಕೆ ಬಂದವನು, ಈಗ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಪದ್ಮನಾಭ ಅನ್ನುವವರ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಾನೆ. ಆ ಹಿಟ್ಟು ಡಬ್ಬಿಗಳಲ್ಲಿ ಡೆವನ್‌ನ ಅಂಗಡಿಗಳಿಗೆ ಹೋಗುತ್ತದೆ. ಶಿಕಾಗೊ ಚಳಿಗೆ ಹಿಟ್ಟು ತಾನಾಗಿ ಹುದುಗುವುದಿಲ್ಲ. ದಾನಪ್ಪ ಪಾತ್ರೆಯ ಸುತ್ತಲೂ ಬಿಸಿನೀರಿನ ಬಾಟಲಿ ಇಟ್ಟು, ಕಂಬಳಿ ಸುತ್ತಿ, ಮುಚ್ಚಳ ಬಿಗಿ ಮಾಡಿ ಬರುತ್ತಾನೆ. ಬೆಳಗಾದರೆ ಹಿಟ್ಟು ಮುಚ್ಚಳವನ್ನೇ ತಲೆ ಮೇಲೆ ಹೊತ್ತು ನಿಂತಿರುತ್ತದೆ.

ಊರಿನಿಂದ ಸ್ವಲ್ಪ ಹೊರಗಿನ ಬಾಡಿಗೆ ಮನೆ. ಹಿತ್ತಲಲ್ಲಿ ಹೆಂಡತಿ ನೀಲವ್ವನ ನಾಲ್ಕಾರು ಕೋಳಿ. ಮನೆ ಮಾಲೀಕ ಕೋಳಿ ಸಾಕಲು ಒಪ್ಪಿದ್ದ, ಮರಿ ಬೆಚ್ಚಗಿಡುವ ಹೀಟ್ ಲ್ಯಾಂಪ್ ಒಂದು ಬೇಡ ಅಂದಿದ್ದ. ಹಿಂದಿನ ಬೀದಿಯಲ್ಲಿ ಲ್ಯಾಂಪು ಹುಲ್ಲಿನ ಮೇಲೆ ಬಿದ್ದು ಯಾರದೋ ಕೋಳಿಗೂಡು ಸುಟ್ಟುಹೋಗಿತ್ತು. ದಾನಪ್ಪ ಮಾತು ಕೊಟ್ಟಿದ್ದ.

ಏಪ್ರಿಲ್‌ನಲ್ಲಿ ದೂರದ ವಾರೆನ್‌ನಲ್ಲಿದ್ದ ಮಗಳು ಇಂಚರಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ನೀಲವ್ವ ಬಾಗಿಲಲ್ಲಿ ನಿಂತೇಬಿಟ್ಟಳು.

“ಕೋಳಿ ಕಾವಿಗೆ ಕುಂತೈತಿ. ಇನ್ನೇನು ಮರಿ ಹೊರಗ ಬರ್ತಾವು. ಹೆಂಗ ಹೋಗ್ಲಿ?”

“ಹೋಗು. ನಾ ಅದೀನಲ್ಲ.”

“ನೀವ್ ಅದೀರಿ ಅಂತನ ಚಿಂತಿ. ಹ್ವಾದ ಸರ್ತಿ ಕರಿಬೇವಿನ ಗಿಡಾ ಒಪ್ಪಿಸಿ ಹೋಗಿದ್ದೆ. ಬಂದು ನೋಡಿದ್ರ ಒಲಿ ಹಚ್ಚಾಕ ಬರೂ ಹಂಗಿತ್ತು.”

ದಾನಪ್ಪ ಚೀಲ ಎತ್ತಿ, ಕರೆಯಲು ಬಂದಿದ್ದ ಅಳಿಯನ ಕಾರಿನಲ್ಲಿಟ್ಟ.

ಅವಳು ಹೋಗಿ ಒಂದು ವಾರಕ್ಕೆ ಏಳು ಮರಿ ಹೊರಬಂದವು. ಮರುದಿನ ಬೆಳಗ್ಗೆ, ತಾಯಿಕೋಳಿ ನೀರು ಕುಡಿಯಲಿ ಅಂತ ಅವನೇ ಗೂಡಿನ ಬಾಗಿಲು ತೆಗೆದ. ಎಲ್ಲಿ ಕೂತಿತ್ತೋ ಏನೋ ಗಿಡುಗ, ಒಮ್ಮೆಲೇ ಎರಗಿತು. ದಾನಪ್ಪ ಕೂಗುತ್ತ ಓಡಿದ. ಗಿಡುಗ ಹಾರಿಹೋಯಿತು, ಕೋಳಿ ಉಳಿಯಲಿಲ್ಲ. ಗೂಡಿನೊಳಗೆ ಮರಿಗಳು ಒಂದರ ಮೇಲೊಂದು ಏರಿ ಚೀಂ ಚೀಂ ಅಂತ ಒರಲುತ್ತಿದ್ದವು. ಹೊರಗೆ ಕೊರೆಯುವ ಚಳಿ, ಫ್ಯಾರನ್‌ಹೀಟ್ ನಲವತ್ತು ಡಿಗ್ರಿಯೂ ಇರಲಿಲ್ಲ. ಅವನು ಅವನ್ನು ಅಂಗಿಯ ಉಡಿಯಲ್ಲಿ ಹಾಕಿಕೊಂಡು ಒಳಗೆ ಬಂದ.

ನೀಲವ್ವನಿಗೆ ಹೇಳಿದರೆ ಅವಳು ಹಸಿ ಬಾಣಂತಿಯನ್ನು ಬಿಟ್ಟು ಓಡಿಬರುತ್ತಾಳೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಮಗಳಿಗೆ ಅಲ್ಲಿ ಬೇರೆ ಯಾರೂ ಇಲ್ಲ. ಅವನು ಮೊದಲು ಪದ್ಮನಾಭರಿಗೆ ಫೋನ್ ಮಾಡಿದ.

“ಸರ್, ಇವತ್ತ ಬರಾಕ ಆಗೂದಿಲ್ರಿ. ತಾಯಿಕೋಳಿ ಹೋತ್ರಿ, ಸಣ್ಣ ಮರಿ ಅದಾವ.”

“ಅಯ್ಯೋ ಪಾಪ! ಹೀಟ್ ಲ್ಯಾಂಪ್ ಆರ್ಡರ್ ಮಾಡ್ಲಾ? ನಾಳೆನೇ ಬರತ್ತೆ.”

“ಬ್ಯಾಡ್ರಿ. ಮನಿ ಮಾಲಕಗ ಮಾತ ಕೊಟ್ಟೇನ್ರಿ.”

“ಸರಿ ಬಿಡಿ, ಹಿಟ್ಟು ನಾನು ನೋಡ್ಕೋತೀನಿ. ಹೆದರ್ಕೋಬೇಡಿ ದಾನಪ್ಪನವ್ರೇ, ನೀವಿಲ್ದಿದ್ರೂ ಇಡ್ಲಿ ಹಿಟ್ಟು ಉಬ್ಬತ್ತೆ!”

ಬೆಚ್ಚಗಿಡುವ ಕೆಲಸ ತಾನೇ, ಅದು ತನಗೆ ಬರುತ್ತದೆ ಅಂದುಕೊಂಡ ದಾನಪ್ಪ. ರಟ್ಟಿನ ಪೆಟ್ಟಿಗೆ ತಂದ. ಜ್ಯೂಸ್ ಬಾಟಲಿಗಳಿಗೆ ಬಿಸಿನೀರು ತುಂಬಿ, ಹಳೆ ಲುಂಗಿ ಸುತ್ತಿ, ನಾಲ್ಕೂ ಕಡೆ ಒತ್ತಾಗಿ ಜೋಡಿಸಿದ. ನಡುವೆ ಮರಿ ಬಿಟ್ಟ. ಮೇಲೆ ಕಂಬಳಿ ಮುಚ್ಚಿ, ಗಾಳಿ ಹೋಗದ ಹಾಗೆ ಅಂಚು ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಚೀಂಗುಡುವುದು ನಿಂತಿತು. ಮಲಗಿದವು ಅಂತ ಅವನು ಚಹಾಕ್ಕೆ ಇಟ್ಟ.

ಮಧ್ಯಾಹ್ನ ನೀಲವ್ವನ ಫೋನ್ ಬಂತು.

“ಕೂಸಿಗೆ ಎರದು ಮಲಗಿಸೇನ್ರಿ. ಕೋಳಿ ಹೆಂಗೈತಿ? ಫೋನ್ ಅದರ ಹತ್ರ ಹಿಡೀರಿ, ದನಿ ಕೇಳ್ತೀನಿ.”

ದಾನಪ್ಪ ಹಿತ್ತಲ ಗೂಡಿನ ಕಡೆ ನೋಡಿದ.

“ಯಾಕ? ಲೊಕ್ ಲೊಕ್ ಅನ್ನೂದು ಕೇಳವಲ್ದು?”

“ಗಿಡುಗ ಬಂತು,” ಅಂದ. “ಬಾಗಲಾ ನಾನ ತಗದಿದ್ದೆ.”

ನೀಲವ್ವ ಸಣ್ಣ ದನಿಯಲ್ಲಿ ಕೇಳಿದಳು. “ಮರಿ?”

“ಬೆಚ್ಚಗ ಅದಾವ. ಸುತ್ತಲೂ ಬಾಟಲಿ ಇಟ್ಟು ಕಂಬಳಿ ಮುಚ್ಚೇನಿ. ಸುಮ್ಮನ ಮಲಗ್ಯಾವು.”

“ಹಾಡುಹಗಲಾಗ ಏಳೂ ಮರಿ ಸುಮ್ಮನ? ತಗೀರಿ ಮೊದ್ಲು! ತಗದ್ ನೋಡ್ರಿ!”

ಕಂಬಳಿ ಎತ್ತಿದಾಗ ಮುಖಕ್ಕೆ ಹಬೆ ಹೊಡೆಯಿತು. ಮರಿಗಳು ಮೂಲೆ ಮೂಲೆಗೆ ಒತ್ತಿಕೊಂಡು, ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುತ್ತಿದ್ದವು. ಒಂದು ಅಡ್ಡ ಬಿದ್ದಿತ್ತು. ಅದನ್ನು ಅಂಗೈಮೇಲಿಟ್ಟು ಬೆರಳಿನಿಂದ ನೀರು ಹನಿಸಿದ. ಅದು ಕೊಕ್ಕು ಅಲ್ಲಾಡಿಸಲಿಲ್ಲ.

“ಒಂದು ಹೋತು,” ಅಂದ.

“ಕೋಳಿ ರೆಕ್ಕಿ ಅಂದ್ರ ಮುಚ್ಚಳ ಅಲ್ರೀ!” ನೀಲವ್ವ ಅಂದಳು. “ಥಂಡಿ ಆದ್ರ ಮರಿ ಒಳಗ ಹೊಕ್ಕಾವು, ಸೆಕಿ ಆದ್ರ ಹೊರಗ ಬರ್ತಾವು. ನೀವು ಹಿಟ್ಟಿಗೆ ಮುಚ್ಚಿದಂಗ ಮುಚ್ಚಿದ್ರ ಅವು ಎಲ್ಲಿ ಹೋಗಬೇಕು? ನಾ ನಾಳೆನ ಬರ್ತೀನಿ. ಅಳಿಯಗ ಡ್ರೈವ್ ಮಾಡಂತೀನಿ.”

“ಬ್ಯಾಡ. ಅಲ್ಲಿ ಕೂಸೈತಿ. ಇಂಚರಗ ಇನ್ನ ಎದ್ದು ಓಡ್ಯಾಡಾಕ ಆಗೂದಿಲ್ಲ. ಸಂಜಿತನಾ ನೋಡು, ನೀಲಾ.”

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿ ಬಹಳ ದಿನವಾಗಿತ್ತೋ ಏನೋ.

“ಸಂಜಿಗೆ ಮಾಡ್ತೀನಿ,” ಅಂದಳು. “ಮರಿ ದನಿ ಕೇಳಸ್ರಿ. ಕೇಳಿ ಬರಬೇಕೋ ಬ್ಯಾಡೋ ಹೇಳ್ತೀನಿ.”

ದಾನಪ್ಪ ಸತ್ತ ಮರಿಯನ್ನು ಹಿತ್ತಲಲ್ಲಿ ಹೂಳಿ ಬಂದ. ಬಾಟಲಿಗಳನ್ನೆಲ್ಲ ಪೆಟ್ಟಿಗೆಯ ಒಂದೇ ಬದಿಗೆ ಸರಿಸಿದ. ಇನ್ನೊಂದು ಬದಿ ಖಾಲಿ ಬಿಟ್ಟು ನೀರು, ನುಚ್ಚು ಇಟ್ಟ. ಕಂಬಳಿ ಮಡಿಸಿ ತೆಗೆದಿಟ್ಟ. ಆದರೆ ಮೇಲೆ ಏನಾದರೂ ಬೇಕಲ್ಲ. ಬೆನ್ನಿಗೆ ತಾಗುವಂಥದ್ದು, ಮರಿ ತಾನೇ ನುಗ್ಗಿ ತಾನೇ ಹೊರಬರುವಂಥದ್ದು. ಅಡುಗೆಮನೆ, ಬಚ್ಚಲು ಎಲ್ಲ ನೋಡುತ್ತ ಬಂದ. ಬಾಗಿಲ ಹಿಂದೆ ನೆಲ ಒರೆಸುವ ಹೊಸ ಮಾಪು ನಿಂತಿತ್ತು, ಇನ್ನೂ ನೀರು ಕಾಣದ್ದು. ಅದರ ಹತ್ತಿಯ ಎಳೆಗಳನ್ನು ಕೈಯಲ್ಲಿ ಹಿಡಿದು ನೋಡಿದ. ಕೋಲು ಬಿಚ್ಚಿ, ತಲೆಯನ್ನು ಬಾಟಲಿಗಳ ಬದಿಗೆ, ಎಳೆಗಳು ಕೆಳಗೆ ಇಳಿಬೀಳುವ ಹಾಗೆ ಹಗ್ಗ ಹಾಕಿ ತೂಗುಬಿಟ್ಟ.

ಮರಿಗಳು ದೂರ ನಿಂತು ನೋಡಿದವು. ಒಂದು ಹೋಗಿ ಎಳೆ ಕುಕ್ಕಿತು. ಆಮೇಲೆ ತಲೆ ತೂರಿಸಿತು. ಇಡೀ ಮರಿಯೇ ಒಳಗೆ ಮಾಯವಾಯಿತು. ಉಳಿದವು ಅದರ ಹಿಂದೆ ಹೋದವು. ದಾನಪ್ಪ ಸ್ಟೂಲ್ ಎಳೆದು ಪಕ್ಕದಲ್ಲೇ ಕೂತ. ಚೀಂ ಅಂತ ಜೋರಾಗಿ ಒರಲಿ ಗುಂಪುಗಟ್ಟಿದರೆ ನೀರು ಆರಿತು ಅಂತ ಬಾಟಲಿ ಬದಲಿಸಿದ. ಹೊರಗೆ ಬಂದು ಕಾಲು ಚಾಚಿ ಬಿದ್ದುಕೊಂಡರೆ ಒಂದು ಬಾಟಲಿ ತೆಗೆದ. ಮಧ್ಯಾಹ್ನವೆಲ್ಲ ಇದೇ ಆಯಿತು. ಪದ್ಮನಾಭರ ಮೆಸೇಜ್ ಬಂತು: ‘ಹಿಟ್ಟು ಉಬ್ಬಿದೆ.’ ನೋಡಿ ಫೋನ್ ಜೇಬಿಗಿಟ್ಟ.

ಸಂಜೆ ನೀಲವ್ವ ಫೋನ್ ಮಾಡಿದಳು. ಅವನು ಫೋನನ್ನು ಪೆಟ್ಟಿಗೆಯೊಳಗೆ ಇಳಿಸಿ ಹಿಡಿದ. ಎಳೆಗಳ ಒಳಗಿನಿಂದ ಟ್ರ್‌ರ್, ಟ್ರ್‌ರ್ ಅಂತ ಮೆಲ್ಲಗೆ, ನಿದ್ದೆಗೆ ಜಾರುವ ಸದ್ದು ಬರುತ್ತಿತ್ತು. ಅವಳು ಎಷ್ಟೋ ಹೊತ್ತು ಕೇಳಿದಳು. ಹಿಂದೆ ಕೂಸು ಒಮ್ಮೆ ಕುಸುಗುಟ್ಟಿ ಸುಮ್ಮನಾಯಿತು.

“ಆರೂ ಅದಾವು?”

“ಆರೂ ಅದಾವು.”

“ಯಾತರ ಕೆಳಗ ಇಟ್ಟೀರಿ?”

“ಮಾಪು.”

“ಆ ಹೊಸಾ ಮಾಪೇನು?” ಈಗ ಅವಳ ದನಿಯಲ್ಲಿ ನಗು ಇಣುಕಿತು. “ಇನ್ನ ನೆಲಾ ಯಾತರ್ಲೆ ಒರಸ್ತೀರಿ?”

ದಾನಪ್ಪ ನೆಲ ನೋಡಿದ. ನುಚ್ಚು, ನೀರು, ಕೋಳಿಪುಕ್ಕ.

“ಒರಸೂದಿಲ್ಲ,” ಅಂದ.

“ಹಂಗ ಇರ್ಲಿ ಬಿಡ್ರಿ. ನಾ ಬಂದು ಒರಸ್ತೀನಿ, ಬಾಣಂತನಾ ಮುಗಿಸ್ಕೊಂಡು.”

ಅವನು ಫೋನಿಟ್ಟು, ಆರಿದ ಬಾಟಲಿ ಎತ್ತಿಕೊಂಡು ಒಲೆಯ ಕಡೆ ಹೋದ.