ಗಾಳಿಯಂತ್ರಕ್ಕೆ ಹಚ್ಚಿದ ಮುರುಗಲ ತುಪ್ಪ

ಮೇ ತಿಂಗಳ ಕೊನೆಗೆ ಶಿರಸಿಯ ನನ್ನ ಮನೆಯಲ್ಲಿ ನನ್ನಷ್ಟೇ ಬೆವರುವ ಇನ್ನೊಂದು ವಸ್ತುವೆಂದರೆ ಅಡುಗೆಮನೆಯ ಗೂಡಿನಲ್ಲಿರುವ ಮುರುಗಲ ತುಪ್ಪ. ಮುರುಗಲು ಹಣ್ಣಿನ ಬೀಜ ಕುದಿಸಿ ತೆಗೆದು ಉಂಡೆ ಕಟ್ಟಿದ ಈ ತುಪ್ಪವನ್ನು ಅಕ್ಕ ವರ್ಷಕ್ಕೊಮ್ಮೆ ಕಾಗದದಲ್ಲಿ ಸುತ್ತಿ ಕಳಿಸುತ್ತಾಳೆ. ಇವತ್ತು ಬೆಳಿಗ್ಗೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳೋಣವೆಂದು ಉಂಡೆ ಕೈಗೆತ್ತಿಕೊಂಡರೆ ಬೆರಳಿಗೆ ಜಿಡ್ಡು ಮೆತ್ತಿತು. ಇದೇ ಉಂಡೆ ಜೂನ್ ಹದಿನೈದರ ಹೊತ್ತಿಗೆ ಬಟ್ಟೆ ಸೋಪಿನಷ್ಟು ಗಟ್ಟಿಯಾಗುತ್ತದೆ. ಒಂದು ಚೂರು ಬೇಕೆಂದರೂ ಚಾಕುವಿನಿಂದ ಕೆರೆಯಬೇಕು. ಈ ಸಾಮಾನ್ಯ ಸಂಗತಿ ನಮ್ಮೂರಿನ ಹೆಂಗಸರಿಗೆಲ್ಲ ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದ, ಕರಗುವ ಬಿಂದು ಎಂದರೇನು ಎಂದು ಕೇಳಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನನಗೆ ಮಾತ್ರ ಬೇಕಾದ ಹೊತ್ತಿಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಏನು ಮಾಡಿದೆ ಎನ್ನುವುದು ಇನ್ನೂ ನಾಚಿಕೆಯ ವಿಷಯ. ಅದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ, ಕುಳಿತುಕೊಳ್ಳಿ.

ಅಕ್ಕನ ಮನೆ ಸಿದ್ದಾಪುರ ತಾಲ್ಲೂಕಿನ ಬಿಳಗಿಯಿಂದ ಸ್ವಲ್ಪ ಆಚೆ, ಒಂದು ಬೋಳು ಬೇಣದ ನೆತ್ತಿಯ ಹತ್ತಿರ ಇದೆ. ದನ ಮೇಯುವ ಹುಲ್ಲುಗುಡ್ಡ ಅದು. ಗಾಳಿಗೆ ತಡೆಯೇ ಇಲ್ಲ. ಒಣಹಾಕಿದ ಪಂಚೆ ಕಲ್ಲು ಹೇರದಿದ್ದರೆ ಪಕ್ಕದ ಊರಿಗೆ ಹೋಗುತ್ತದೆ. ಅಷ್ಟೆಲ್ಲ ಗಾಳಿ ಇರುವ ಜಾಗದಲ್ಲಿ ಅಕ್ಕನ ಎದೆಗೆ ಮಾತ್ರ ಗಾಳಿ ಸಾಲುತ್ತಿರಲಿಲ್ಲ. ಅವಳಿಗೆ ಉಬ್ಬಸ. ಬಾಯಿಗೆ ಹೊಡೆದುಕೊಳ್ಳುವ ಪಂಪು ಸಾಲದ ದಿನ ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬುಲೈಜರ್ ಬೇಕು. ನೆಬುಲೈಜರಿಗೆ ಕರೆಂಟು ಬೇಕು. ಮಳೆಗಾಲದಲ್ಲಿ ಆ ಕಡೆ ಒಂದು ಮರ ತಂತಿಯ ಮೇಲೆ ಬಿತ್ತೆಂದರೆ ಕರೆಂಟು ನಾಲ್ಕು ದಿನಕ್ಕೂ ಬರಬಹುದು, ಎಂಟು ದಿನಕ್ಕೂ ಬರಬಹುದು. ಇನ್ವರ್ಟರಿನ ಬ್ಯಾಟರಿ ಎರಡನೇ ದಿನ ಕೈ ಎತ್ತುತ್ತಿತ್ತು. ಸೋಲಾರ್ ಇತ್ತು, ಸೂರ್ಯ ಇರುತ್ತಿರಲಿಲ್ಲ. ಪೆಟ್ರೋಲ್ ಜನರೇಟರ್ ತಂದು ನೋಡಿದರೆ ಅದರ ಹೊಗೆಗೇ ಅಕ್ಕನಿಗೆ ದಮ್ಮು ಏರಿತು.

ಹಾಗಾಗಿ ಜೂನ್ ಬಂತೆಂದರೆ ಅವಳು ನನ್ನ ಮನೆಗೆ ಬಂದು ಮಳೆಗಾಲ ಮುಗಿಯುವವರೆಗೆ ಇರುವುದು ರೂಢಿಯಾಯಿತು. ಪೇಟೆಯಲ್ಲಿ ಕರೆಂಟು ಹೋದರೂ ಒಂದೆರಡು ತಾಸಿಗೆ ಬರುತ್ತದೆ. ಶ್ರೀಪಾದ ಭಾವ ಜೀಪಿನಲ್ಲಿ ತಂದು ಬಿಟ್ಟು, ಚಾ ಕುಡಿದು, ಏನೂ ಮಾತಾಡದೆ ವಾಪಸು ಹೋಗುತ್ತಿದ್ದ. ನನಗೋ ಒಳಗೊಳಗೇ ಹಬ್ಬ. ನನ್ನದು ಒಂಟಿ ಮನೆ, ನೆನಪಾದಾಗ ಸಿಕ್ಕಿದ್ದು ತಿನ್ನುವವಳು. ಮದುವೆ ಆಗಲಿಲ್ಲ, ಯಾಕೆ ಎನ್ನುವುದು ಬೇರೆಯೇ ಪ್ರಬಂಧ, ಅದನ್ನು ನಾನು ಬರೆಯುವುದಿಲ್ಲ. ಅಕ್ಕ ಬಂದರೆ ಮನೆಯಲ್ಲಿ ಎರಡು ತಟ್ಟೆ, ಎರಡು ದನಿ, ತಂಬುಳಿ ಹುಳಿಯಾಯಿತೋ ಇಲ್ಲವೋ ಎನ್ನುವ ಜಗಳ.

ಆದರೆ ಅಕ್ಕನಿಗೆ ಡೇರೆ ಹೂವಿನ, ಅಂದರೆ ಡೇಲಿಯಾದ ಹುಚ್ಚು. ಈ ಹುಚ್ಚು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಗಡ್ಡೆ ಕೊಟ್ಟು ಗಡ್ಡೆ ತರುವುದಕ್ಕೆ ನೆಂಟಸ್ತಿಕೆ ಹುಡುಕುತ್ತಾರೆ. ಮಳೆ ಹಿಡಿಯುವ ಮೊದಲು ಗಡ್ಡೆ ನೆಟ್ಟರೆ ಶ್ರಾವಣ ಭಾದ್ರಪದಕ್ಕೆ ತಟ್ಟೆಯಗಲದ ಹೂವು. ಅಕ್ಕ ಪ್ರತಿ ವರ್ಷ ನೆಡುತ್ತಿದ್ದಳು. ಹೂವು ಬಿಡುವಾಗ ಶಿರಸಿಯಲ್ಲಿರುತ್ತಿದ್ದಳು. ಭಾವ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದ, ಹೂವಿಗಿಂತ ಹೆಚ್ಚಾಗಿ ಅವನ ಹೆಬ್ಬೆರಳೇ ಕಾಣುತ್ತಿತ್ತು. ಐದು ವರ್ಷ ಅವಳು ತಾನು ನೆಟ್ಟ ಹೂವನ್ನು ಗಿಡದಲ್ಲಿ ನೋಡಲೇ ಇಲ್ಲ.

ಆರನೇ ವರ್ಷದ ಏಪ್ರಿಲಿನಲ್ಲಿ, ನನ್ನ ನೌಕರಿಯ ಕೊನೆಯ ವರ್ಷ ಅದು, ಒಂದು ಸಿಡಿಲಿಗೆ ನನ್ನ ವಾಷಿಂಗ್ ಮಷಿನ್ ಸತ್ತಿತು. ರಿಪೇರಿಯವನು ಬೋರ್ಡು ಸುಟ್ಟಿದೆ, ಈ ಮಾದರಿಯ ಬೋರ್ಡು ಈಗ ಬರುವುದಿಲ್ಲ ಎಂದು ಕೈಚೆಲ್ಲಿದ. ಗುಜರಿಗೆ ಹಾಕಬೇಕೆನ್ನುವಷ್ಟರಲ್ಲಿ ಭಾವ ಬಂದ. ಅಂಗಳಕ್ಕೆ ಎಳೆದು ಬೆನ್ನಿನ ತಗಡು ಬಿಚ್ಚಿದ. ಒಳಗೆ ಕಾವಲಿಯಷ್ಟು ಅಗಲದ ಚಪ್ಪಟೆ ಮೋಟಾರು. ಹೊರಗಿನ ಬಳೆಯ ತುಂಬ ಅಯಸ್ಕಾಂತ, ಒಳಗೆ ಸುತ್ತಲೂ ತಂತಿಯ ಸುರುಳಿ. ಬಳೆಯನ್ನು ಕೈಯಲ್ಲಿ ತಿರುಗಿಸಿ, ಹೊರಬಂದ ವೈರುಗಳಿಗೆ ಒಂದು ಪುಟ್ಟ ಬಲ್ಬು ಹಿಡಿದ. ಬಲ್ಬು ಹತ್ತಿತು.

"ಮಷಿನ್ ಹಾಳಾದ್ದು, ಮೋಟಾರು ಹಾಳಾಜಿಲ್ಲೆ. ಇದ್ನ ಆನು ತಗಂಡು ಹೋಗ್ತೆ" ಎಂದ.

ಕರೆಂಟು ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ಕರೆಂಟು ಕೊಡುತ್ತದೆ ಎನ್ನುವುದನ್ನು ನಾನು ಮೂವತ್ತು ಬ್ಯಾಚಿಗೆ ಪಾಠ ಮಾಡಿದ್ದೇನೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಉತ್ಸಾಹ ತಡೆಯದೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರ ಬರೆದು ಭಾವನಿಗೆ ವಿವರಿಸತೊಡಗಿದೆ. ಅವನು ಪೂರ್ತಿ ಕೇಳಿ, ಅದು ಸರಿ ತಂಗಿ, ಆ ಸ್ಪಾನರ್ ಇತ್ಲಾಗೆ ಕೊಡು ಎಂದ. ನನ್ನದು ಪುಸ್ತಕದ ಬದನೆಕಾಯಿ, ಅವನದು ಸಾರಿಗೆ ಬರುವ ಬದನೆಕಾಯಿ.

ಮೋಟಾರಿನ ಜೊತೆ ಡ್ರಮ್ಮಿನ ಬೆನ್ನನ್ನೂ ಅಚ್ಚು, ಬೇರಿಂಗ್ ಸಮೇತ ಕತ್ತರಿಸಿಕೊಂಡು ಹೋದ. ತೂತುತೂತಾದ ಸ್ಟೀಲಿನ ಡ್ರಮ್ಮನ್ನೂ ಬಿಡಲಿಲ್ಲ, ನೀರು ಬಸಿಯುತ್ತದೆ, ಡೇರೆ ಗಡ್ಡೆ ನೆಡುವುದಕ್ಕೆ ಅನುಕೂಲ ಎಂದು ಅಕ್ಕನಿಗೆ ಒಯ್ದ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಯಾರ್‍ಯಾರದೋ ವಿಡಿಯೋ ನೋಡಿ, ಸುರುಳಿಗಳ ತಂತಿ ಅಲ್ಲಲ್ಲಿ ಕತ್ತರಿಸಿ ಬೇರೆ ರೀತಿ ಜೋಡಿಸಿದ. ಆಗ ಅದು ನಿಧಾನದ ಗಾಳಿಗೂ ಬ್ಯಾಟರಿ ತುಂಬುವಷ್ಟು ಕೊಡುತ್ತದಂತೆ. ಗದ್ದೆಗೆ ನೀರು ಹಾಯಿಸುವ ದಪ್ಪ ಪೈಪನ್ನು ಉದ್ದಕ್ಕೆ ಸೀಳಿ ಮೂರು ರೆಕ್ಕೆ ಮಾಡಿದ. ಹಳೇ ತಗಡಿನಿಂದ ಬಾಲ ಮಾಡಿದ. ಗಾಳಿ ಯಾವ ದಿಕ್ಕಿನಿಂದ ಬಂದರೂ ಬಾಲ ಯಂತ್ರವನ್ನು ಆ ದಿಕ್ಕಿಗೆ ತಿರುಗಿಸಬೇಕು. ಅದಕ್ಕಾಗಿ ಕಂಬದ ತಲೆಯ ಮೇಲೆ ಪೈಪಿನೊಳಗೊಂದು ಪೈಪು ಕೂರಿಸಿದ್ದ. ಇಡೀ ಕಥೆ ಇರುವುದು ಆ ಎರಡು ಪೈಪುಗಳ ನಡುವೆ.

ಮೇ ತಿಂಗಳ ರಜೆಯಲ್ಲಿ ನಾನೂ ಹೋಗಿದ್ದೆ. ಕಂಬ ಎತ್ತುವ ದಿನ ನೋಡಿದರೆ ಗ್ರೀಸ್ ಡಬ್ಬಿ ಖಾಲಿ. ಭಾವ ಸಿದ್ದಾಪುರಕ್ಕೆ ಹೋಗಿ ತರುತ್ತೇನೆಂದು ಹೊರಟ. ಬೇಡ ಎಂದವಳು ನಾನು. ನಮ್ಮ ಅಜ್ಜಿ ಬೀಸುವ ಕಲ್ಲಿನ ಗೂಟಕ್ಕೆ, ಬಾಗಿಲಿನ ತಿರುಗಣಿಗೆ ಮುರುಗಲ ತುಪ್ಪವನ್ನೇ ಹಚ್ಚುತ್ತಿದ್ದಳು, ಮಳೆಗೆ ತೊಳೆದುಹೋಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ ಎಂದು ಭಾಷಣ ಮಾಡಿದೆ. ಟೀಚರು ಹೇಳಿದ ಮೇಲೆ ಮುಗಿಯಿತು. ಅಕ್ಕ ಸೌಟಿನಲ್ಲಿ ಕಾಸಿಕೊಟ್ಟಳು, ನಾನು ಪೈಪಿನೊಳಗೆ ಧಾರಾಳವಾಗಿ ಹೊಯ್ದೆ. ಬಿಸಿಲಿಗೆ ಕಾದ ಕಬ್ಬಿಣದಲ್ಲಿ ತುಪ್ಪ ಎಣ್ಣೆಯಂತೆ ಇಳಿಯಿತು. ಕಂಬ ನಿಂತಿತು, ಮಧ್ಯಾಹ್ನದ ಗಾಳಿಗೆ ಯಂತ್ರ ನಾಲ್ಕೂ ದಿಕ್ಕಿಗೆ ಹೊರಳಿ ಹೊರಳಿ ತಿರುಗಿತು. ಬ್ಯಾಟರಿ ತುಂಬುತ್ತಿದೆ ಎಂದು ಕೆಂಪು ದೀಪ ತೋರಿಸಿತು. ಅಕ್ಕ ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

"ಈ ಸಲ ಆನು ಬತ್ನಿಲ್ಲೆ" ಎಂದು ನನ್ನ ಕಡೆ ತಿರುಗಿ ಹೇಳಿದಳು. "ಹೂ ನೋಡಕ್ಕು."

ಒಳ್ಳೇದಾಯಿತು ಎಂದೆ. ಶಿರಸಿಗೆ ಬಂದು ಅವಳ ಹಾಸಿಗೆಯನ್ನು ಮಡಚಿ ಅಟ್ಟಕ್ಕೆ ಹಾಕುವಾಗ ಒಳ್ಳೇದು ಅನ್ನಿಸಲಿಲ್ಲ. ಅಳು ಬಂತು.

ಜೂನಿನಲ್ಲಿ ಮಳೆ ಹಿಡಿದು ಮೂರನೇ ದಿನಕ್ಕೆ ಆ ಕಡೆ ಕರೆಂಟು ಹೋಯಿತು. ಐದನೇ ದಿನ ಮಧ್ಯಾಹ್ನ ಜೀಪು ನನ್ನ ಮನೆ ಮುಂದೆ ನಿಂತಿತು. ಅಕ್ಕ ಇಳಿಯುವಾಗ ಅವಳ ಭುಜ ಎರಡೂ ಕಿವಿಯ ಹತ್ತಿರ ಹೋಗಿ ಬರುತ್ತಿದ್ದವು. ಮಾತಿಲ್ಲ. ನೆಬುಲೈಜರ್ ಹಚ್ಚಿ ಅದರ ಮಾಸ್ಕನ್ನು ಮುಖಕ್ಕೆ ಹಿಡಿದೆವು. ಅರ್ಧ ತಾಸಿನ ಮೇಲೆ ಉಸಿರು ಹದಕ್ಕೆ ಬಂತು. ಭಾವ ಜಗಲಿಯ ಮೇಲೆ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದ. ಪಶ್ಚಿಮದ ಗಾಳಿ ಹಂಚು ಹಾರಿಸುವಂತೆ ಬೀಸುತ್ತಿದ್ದರೂ ಯಂತ್ರ ಉತ್ತರಕ್ಕೆ ಮುಖ ಮಾಡಿ ಹಠ ಹಿಡಿದವರ ಹಾಗೆ ನಿಂತಿತ್ತಂತೆ. ಬ್ಯಾಟರಿ ಬರಿದಾಯಿತಂತೆ.

"ಗಾಳಿ ಇದ್ದು, ಯಂತ್ರ ಇದ್ದು. ಯನ್ನ ಕೆಲಸದಲ್ಲೇ ಎಂತದೋ ತಪ್ಪಿದ್ದು" ಎಂದ. ಬಾಲ ಸಣ್ಣದಾಗಿರಬೇಕು, ದೊಡ್ಡದು ಮಾಡಿ ನೋಡುತ್ತೇನೆ ಎಂದು ಹೊರಟುಹೋದ.

ಮಾರನೇ ದಿನ ಸಂಜೆ ಶಾಲೆಯಿಂದ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಮುರುಗಲ ತುಪ್ಪದ ಉಂಡೆ, ಪಕ್ಕದಲ್ಲಿ ಚಾಕು. ಅಕ್ಕನ ಹಿಮ್ಮಡಿ ಹನ್ನೆರಡು ತಿಂಗಳೂ ಒಡೆಯುತ್ತದೆ. ಒಳಗಿಡೋಣವೆಂದು ಉಂಡೆ ಎತ್ತಿಕೊಂಡೆ. ಕಲ್ಲು. ಉಗುರು ಊರಿದರೆ ಉಗುರೇ ನೋಯಿತು. ಆ ಕ್ಷಣ ನನಗೆ ಕಂಬದ ತಲೆ ಕಂಡಿತು, ಎರಡು ಪೈಪುಗಳ ನಡುವೆ ಮಳೆಯ ಥಂಡಿಗೆ ಗಟ್ಟಿಯಾಗಿ ಕೂತ ತುಪ್ಪ ಕಂಡಿತು.

ಫೋನು ಅಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಭಾವ ಮಾರನೇ ದಿನವೇ ಸರಿ ಮಾಡುತ್ತಿದ್ದ, ಅಕ್ಕ ವಾರದೊಳಗೆ ವಾಪಸು ಹೋಗುತ್ತಿದ್ದಳು. ಒಳಗಿನಿಂದ ಅವಳು ತಂಬುಳಿಗೆ ಉಪ್ಪು ಸಾಕೋ ನೋಡು ಎಂದು ಕೂಗಿ ಹೇಳಿದಳು. ನಾನು ಉಂಡೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ.

ಒಂಬತ್ತು ದಿನ ಹೀಗೆ ಕಳೆದೆ. ಭಾವ ದಿನಾ ಫೋನು ಮಾಡುತ್ತಿದ್ದ. ಬಾಲ ದೊಡ್ಡದು ಮಾಡಿದ, ಉದ್ದ ಮಾಡಿದ, ಮೂರನೆಯದನ್ನು ಮೀನಿನ ಆಕಾರಕ್ಕೆ ಕತ್ತರಿಸಿದ. ಮಳೆಯಲ್ಲಿ ಪ್ರತಿ ಸಲ ಕಂಬ ಇಳಿಸಬೇಕು, ಎತ್ತಬೇಕು. ಟೀಚರಾಗಿ ನಿನಗೇನಾದರೂ ಹೊಳೆಯುತ್ತದೆಯೇ ಎಂದು ಅವನು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಆ ದಿನಗಳಲ್ಲಿ ನಾನು ಸುಖವಾಗಿಯೂ ಇದ್ದೆ ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶಾಲೆಯಿಂದ ಬೇಗ ಬರುತ್ತಿದ್ದೆ. ಇಬ್ಬರೂ ಸೇರಿ ದೊಡ್ಡಪತ್ರೆ ಚಟ್ನಿಯನ್ನೂ ಊರವರನ್ನೂ ಅರೆಯುತ್ತಿದ್ದೆವು.

ಹತ್ತನೇ ದಿನ ಭಾವ ಒಂದು ಫೋಟೋ ಕಳಿಸಿದ. ವಾಷಿಂಗ್ ಮಷಿನ್ನಿನ ಡ್ರಮ್ಮಿನಲ್ಲಿ ಡೇರೆಯ ಎರಡು ಮೊಳಕೆ, ಪಕ್ಕದಲ್ಲಿ ಅವನ ಹೆಬ್ಬೆರಳು, ಬೆರಳಿಗೆ ಬಟ್ಟೆ ಸುತ್ತಿತ್ತು. ತಗಡು ಕೊಯ್ದಿದೆ, ದೊಡ್ಡದೇನಲ್ಲ ಎಂದು ಬರೆದಿದ್ದ. ಅಕ್ಕ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಮೊಳಕೆಯನ್ನು ನೋಡಿದಳೋ ಗಾಯವನ್ನು ನೋಡಿದಳೋ, ಫೋನನ್ನು ಮೆಲ್ಲಗೆ ಮಗುಚಿಟ್ಟಳು.

ಶಾಲೆಗೆ ರಜೆ ಹಾಕಿ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಡಬ್ಬಿ ಗ್ರೀಸ್ ಕೊಂಡು ಬಸ್ಸು ಹತ್ತಿದೆ. ಭಾವ ಅಂಗಳದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಾಲ್ಕನೇ ಬಾಲಕ್ಕೆ ತಗಡು ಅಳೆಯುತ್ತಿದ್ದ.

"ತಪ್ಪು ಬಾಲದ್ದಲ್ಲ ಭಾವ, ತುಪ್ಪದ್ದು" ಎಂದೆ. "ಹಚ್ಚು ಹೇಳಿದ್ದು ಆನು."

ಅವನು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮುಚ್ಚಳ ತೆರೆದು ನೋಡಿದ. "ಅಡ್ಡಿಲ್ಲೆ" ಎಂದ. "ಗೊತ್ತಾತಲ, ಸಾಕು."

ಯಾವಾಗ ಗೊತ್ತಾಯಿತು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಂಬ ಇಳಿಸಿ ಪೈಪು ಎಳೆದರೆ ತುಪ್ಪ ಮೇಣದಬತ್ತಿಯಂತೆ ಇಡಿಯಾಗಿ ಕೂತಿತ್ತು. ಬಿಸಿನೀರು ಹೊಯ್ದು ತೆಗೆದು, ಗ್ರೀಸ್ ಹಚ್ಚಿ ನಿಲ್ಲಿಸಿದೆವು. ಯಂತ್ರ ಒಂದು ಸಲ ತಲೆ ಅಲ್ಲಾಡಿಸಿ ಪಶ್ಚಿಮಕ್ಕೆ ಹೊರಳಿತು. ಆ ವಾರವೇ ಅಕ್ಕ ಮನೆಗೆ ಹೋದಳು. ಡ್ರಮ್ಮಿನ ಡೇರೆ ಕಡುಕೆಂಪು ಹೂವು ಬಿಟ್ಟಿತಂತೆ. ಅವಳೇ ತೆಗೆದ ಫೋಟೋ ಬಂತು, ಹೆಬ್ಬೆರಳಿರಲಿಲ್ಲ.

ಅಲ್ಲಿಂದ ಈಚೆಗೆ ಅವಳು ಮಳೆಗಾಲಕ್ಕೆ ಶಿರಸಿಗೆ ಬಂದಿಲ್ಲ. ಮಳೆಗಾಲದಲ್ಲಿ ನೀನೇ ಬಾ, ಈಗ ನೌಕರಿಯೂ ಇಲ್ಲವಲ್ಲ ಎಂದು ಪ್ರತಿ ವರ್ಷ ಕರೆಯುತ್ತಾಳೆ. ಕಾಲುನೋವು, ಪಕ್ಕದ ಮನೆಯ ಬೆಕ್ಕು, ಏನೋ ಒಂದು ನೆಪ ಹೇಳುತ್ತೇನೆ. ಆ ಯಂತ್ರದ ಕೆಳಗೆ ನಿಂತು ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಇವತ್ತು ಬೆಳಿಗ್ಗೆ ಕೈಯಲ್ಲಿ ಜಿಡ್ಡು ಇರುವಾಗಲೇ ಅವಳ ಫೋನು ಬಂತು. ತುಪ್ಪ ಮುಟ್ಟಿತೋ ಎಂದು ಕೇಳಿದಳು. ಏನಾಯಿತೋ, ಎಲ್ಲ ಹೇಳಿಬಿಟ್ಟೆ. ಉಂಡೆ, ಉಗುರು, ಒಂಬತ್ತು ದಿನ, ಭಾವನ ಬೆರಳು.

ಆ ಕಡೆ ಅವಳ ಉಸಿರು ಕೇಳುತ್ತಿತ್ತು. ಆಮೇಲೆ ನಕ್ಕಳು.

"ಯಂಗೆ ಆಗ್ಲೇ ಗೊತ್ತಿತ್ತು" ಎಂದಳು. "ಕಾಲಿಗೆ ಹಚ್ಚಲೆ ತುಪ್ಪ ಕೆರ್ದದ್ದು ಆನೇ ಅಲ್ದ? ಚಾಕು ಹಾಕಿದಾಗ್ಲೇ ಗೊತ್ತಾತು."

ಹಾಗಾದರೆ ಭಾವನಿಗೆ ಯಾಕೆ ಹೇಳಲಿಲ್ಲ, ಡೇರೆ ನೋಡಬೇಕು ಎಂದವಳು ನೀನೇ ಅಲ್ಲವೇ ಎಂದು ಕೇಳಿದೆ. ನಿನ್ನ ಭಾವನಿಗೆ ತಗಡು ಕತ್ತರಿಸುವುದೆಂದರೆ ಹಬ್ಬ, ಕೈ ಕೊಯ್ದುಕೊಂಡ ಮೇಲೆ ಇನ್ನು ತಡ ಮಾಡಬಾರದು ಅನ್ನಿಸಿತ್ತು, ಅಷ್ಟರಲ್ಲಿ ನೀನೇ ಬಸ್ಸು ಹತ್ತಿದೆ ಎಂದು ತಮಾಷೆಯಾಗಿಯೇ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಆ ಒಂಬತ್ತು ದಿನ ನೀ ಹೊತ್ತಿಗೆ ಸರಿ ಊಟ ಮಾಡಿದ್ದೆ."

ಎಷ್ಟೋ ಮಳೆಗಾಲ ನಾನೇ ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಉಸಿರಿಗೆ ಕಷ್ಟಪಡುತ್ತಿದ್ದವಳು ನನ್ನ ತಟ್ಟೆಯ ಕಡೆ ನೋಡುತ್ತಿದ್ದಳು. ಫೋನು ಕಿವಿಗೆ ಹಿಡಿದೇ ಅತ್ತುಬಿಟ್ಟೆ. ಅವಳು ಅಳುವುದಕ್ಕೆ ಬಿಟ್ಟಳು.

ಬರುವ ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ಬೆಕ್ಕನ್ನು ಪಕ್ಕದ ಮನೆಯವರೇ ನೋಡಿಕೊಳ್ಳುತ್ತಾರೆ, ಹೇಗಿದ್ದರೂ ಅದು ಅವರದೇ ಬೆಕ್ಕು. ಚೀಲಕ್ಕೆ ಸೀರೆಗಿಂತ ಮೊದಲು ಒಂದು ಡಬ್ಬಿ ಗ್ರೀಸ್ ಹಾಕಿದ್ದೇನೆ. ಡೇರೆ ಅರಳಿ ಮುಗಿಯುವವರೆಗೂ ಅಲ್ಲೇ ಇರುವವಳು, ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆ ಎಂದು ಅಕ್ಕನಿಗೆ ಹೇಳಿದ್ದೇನೆ.