ಬೆಳ್ಳಿ ಡಾಲರ್‌ಗೆ ನಾನು ಕಟ್ಟಿದ ಬೆಲೆ

"ಹಳೇ ನಾಣ್ಯಕ್ಕೆ ಬೆಲೆ ಕಟ್ಟೋದು ನಿಮ್ಮ ಕೈಲಾಗಲ್ಲ ಅತ್ತಿಗೆ, ಅದಕ್ಕೆ ಎಕ್ಸ್‌ಪರ್ಟ್ಸ್ ಇದಾರೆ," ಎಂದಿದ್ದ ನನ್ನ ಎಂಜಿನಿಯರ್ ಮೈದುನ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹಟಕ್ಕೆ ಬಿದ್ದು ಲೈಬ್ರರಿಯಿಂದ ನಾಣ್ಯದ ಪುಸ್ತಕ ತಂದು ಓದಿದೆ. ನ್ಯೂಜೆರ್ಸಿಯ ನಮ್ಮ ಕೆಂಡಲ್ ಪಾರ್ಕ್ ಊರಿನಲ್ಲಿ ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲೊಂದರಲ್ಲಿ ಕಪ್ಪಿಟ್ಟ ಹಳೇ ಬೆಳ್ಳಿ ಡಾಲರ್ ಕಂಡಿತು. ಹದ್ದಿನ ಚಿತ್ರದ ಕೆಳಗೆ, ಅಪರೂಪದ ಟಂಕಸಾಲೆಯದೆಂದು ಹೇಳುವ ಪುಟ್ಟ ಅಕ್ಷರಗಳನ್ನು ಗುರುತು ಹಿಡಿದು, ಟಿಫಿನ್ ಮಾರಿ ಗಳಿಸಿದ್ದ ಇನ್ನೂರು ಡಾಲರ್ ಕೊಟ್ಟು ಕೊಂಡೆ. "ಇದು ನಾನೂರಕ್ಕೆ ಹೋಗುತ್ತೆ, ನೋಡು ಬಾ," ಎಂದು ಮೈದುನನನ್ನೂ ನಾಣ್ಯದ ಅಂಗಡಿಗೆ ಕರೆದುಕೊಂಡು ಹೋದೆ.

ಮುದುಕ ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ ಮುಖ ಕಿವುಚಿದ. "ಇದನ್ನು ಉಜ್ಜಿದ್ದು ಯಾರು?"

"ನಾನೇ. ನಿನ್ನೆ ವಿಭೂತಿ ಹಾಕಿ ತಿಕ್ಕಿದೆ," ಎಂದೆ ಹೆಮ್ಮೆಯಿಂದ. ಬೆಳ್ಳಿ ತಿಕ್ಕುವುದನ್ನು ನನಗೆ ಪುಸ್ತಕ ಹೇಳಿಕೊಡಬೇಕೇ ಎಂದು ಆ ಅಧ್ಯಾಯವನ್ನು ಓದದೆ ಬಿಟ್ಟಿದ್ದೆ.

"ಉಜ್ಜಿದ ನಾಣ್ಯ ಸಂಗ್ರಹ ಮಾಡುವವರಿಗೆ ಬೇಡ, ಮ್ಯಾಡಮ್. ಹಾಗೇ ತಂದಿದ್ದರೆ ನಾನೂರು ಕೊಡುತ್ತಿದ್ದೆ. ಈಗ ನೂರು."

ಮೈದುನ ಕಿಸಕ್ಕನೆ ನಕ್ಕ. ನಾನು ಬಿಡಲಿಲ್ಲ. "ನಾನೂರು ಅಂದಿರಲ್ಲ, ಅದನ್ನು ಇವನ ಕಡೆ ತಿರುಗಿ ಇನ್ನೊಂದು ಸಲ ಹೇಳಿ."

ಪಾಪ, ಹೇಳಿದ.

ನಾಣ್ಯ ಈಗಲೂ ನನ್ನ ಹತ್ತಿರವೇ ಇದೆ. ಇಡೀ ನ್ಯೂಜೆರ್ಸಿಯಲ್ಲಿ ಅಷ್ಟು ಹೊಳೆಯುವ ಹಳೇ ಡಾಲರ್ ಇನ್ನೊಬ್ಬರ ಬಳಿ ಇರಲಾರದು. ನನಗೆ ಬಿದ್ದದ್ದು ಇನ್ನೂರೇ.