ಹುಮನಾಬಾದಿನ್ಯಾಗ ರೇಸಿನ ಸೈಕಲ್ ಆರಿಸಿದ್ದು

ನನ್ನ ಮೊಮ್ಮಗಳು ಸುಧಾ ಈಜಿ, ತಾಸುಗಟ್ಟಲೆ ಸೈಕಲ್ ಹೊಡದು, ಆಮ್ಯಾಲ ಓಡೋ ರೇಸಿಗೆ ನಿಂತಾಳ. ಅದಕ್ಕ ಬ್ಯಾರೇನ ಸೈಕಲ್ ಬೇಕಂತ. ಬಸವಕಲ್ಯಾಣದಿಂದ ನಾನು, ನನ್ನ ಮಗ, ಆಕಿ ಕೂಡಿ ಹುಮನಾಬಾದಿನ ಅಂಗಡಿಗೆ ಹೋದಿವಿ.

ಅಂಗಡಿಯಂವ ಸೈಕಲ್ ತೋರಸೋದು ಬಿಟ್ಟು ಹುಡುಗಿ ಕಾಲು ಅಳದ, ತೋಳು ಅಳದ.

"ಯಾಕೋ ತಮ್ಮಾ, ಕುಪ್ಪಸ ಹೊಲಿಯಾಂವಿದ್ದೀಯೇನು?" ಅಂದೆ.

"ಇಲ್ರೀ ಅಜ್ಜೀ. ಮುಂದ ಮೊಳಕೈ ಊರಿ, ಬಗ್ಗಿಕೊಂಡ ತುಳೀಬೇಕ್ರಿ. ಮೈಗೆ ಕೂಡಲಿಲ್ಲಂದ್ರ ಅರ್ಧ ದಾರ್ಯಾಗ ಇಳೀತಾರ್ರಿ."

ನನ್ನ ಮಗನ ಕಣ್ಣು ಮಾತ್ರ ಒಂದು ಕೆಂಪು ಸೈಕಲ್ ಮ್ಯಾಲ. "ಇದ ಇರಲಿ. ಓಣ್ಯಾಗ ಶಾನ್ ಕಾಣ್ತದ."

ಸುಧಾ ಅದನ್ನ ಹತ್ತಿ, ಅಂಗಡಿ ಮುಂದಿನ ರಸ್ತೆದಾಗ ಕಬ್ಬಿನ ಟ್ರ್ಯಾಕ್ಟರ್ ಸಂದ್ಯಾಗ ಒಂದು ಸುತ್ತು ಹೊಡದು ಬಂದಳು. "ಅಪ್ಪಾ, ಕುತ್ತಿಗಿ ಹಿಡೀತದ. ಒಲ್ಲೆ. ಆ ಕರೇದು ನೋಡ್ತೀನಿ."

"ಜರಾ ಹೊಂದಿಕೊಂಡು ಹೋಗವ್ವಾ. ಬರಬರತಾ ರೂಢಿ ಆಗ್ತದ."

"ಹೊಂದಬೇಕಾದ್ದು ಸೈಕಲ್ರಿ, ನಿಮ್ಮ ಮಗಳಲ್ಲ" ಅಂದು, ಅಂಗಡಿಯಂವ ಕೆಂಪುದನ್ನ ಗ್ವಾಡಿಗಿ ಸರಿಸಿ, ಕರೇದನ್ನ ತಂದ. ಹುಡುಗಿ ಒಲ್ಲೆ ಅಂದಿದ್ದಕ್ಕ ಅಂವಗ ಸಿಟ್ಟಿಲ್ಲ, ಸೆಡವಿಲ್ಲ. ಕರೇದನ್ನ ಹತ್ತಿದ ಹುಡುಗಿ ಇಳಿಯಾಕ ತಯಾರಿಲ್ಲ!

ನನ್ನ ಲಗ್ನದ ಮಾತಿಗೆ ಊರ ಹಿರೇರೆಲ್ಲಾ ಬಂದು ಕುಂತು, ನನಗೂ ಹೊಂದಿಕೊಂಡು ಹೋಗಂದಿದ್ರು. ಒಬ್ಬ ಸೈಕಲ್ ಅಂಗಡಿಯಂವನ್ನ ಕರಸಬೇಕಂತ ಯಾರಿಗೂ ಹೊಳೀಲಿಲ್ಲ ನೋಡ್ರಿ.